ತುಂಬುತೋಳಿನ ಶನಿವಾರ

ಮಣಿಕಟ್ಟಿನ ಮೇಲೆ ಏನೋ ಗುಂಯ್ ಎಂದು ಎರಡು ಸಲ ನಡುಗಿದಾಗ ಲೊರೆಟ್ಟಾ ಹ್ರುಸ್ಕಾ ನಕಾಶೆಯ ಮೇಲಿನ ಒಂದು ಬಂದರಿಗೆ ಕೋಲು ಊರಿ ನಿಂತಿದ್ದಳು. ಎದುರಿಗೆ ಹನ್ನೊಂದು ಜನ ವಿಮಾನದವರು ಕಾಗದದ ಲೋಟಗಳಲ್ಲಿ ಕಾಫಿ ಹಿಡಿದು ಕೂತಿದ್ದರು. ಮಧ್ಯಾಹ್ನ ಎರಡೂ ಮುಕ್ಕಾಲು. ಒಬ್ಬ ಪೈಲಟ್ ಆಗಲೇ ತೂಕಡಿಸುತ್ತಿದ್ದ.

ಅವಳ ಬಾಯಿ ನಿಲ್ಲಲಿಲ್ಲ. ಬಂದರಿನ ಆಳ, ಕ್ರೇನುಗಳ ಲೆಕ್ಕ, ಗುಡ್ಡದ ಹಿಂದಿನ ರೇಡಾರು, ಎಲ್ಲವನ್ನೂ ಹೇಳಿ ಮುಗಿಸಿತು. ಇಪ್ಪತ್ತಾರು ವರ್ಷ ಹೇಳಿ ಹೇಳಿ ಪಳಗಿದ ಬಾಯಿ ಅದು. ತಲೆ ಮಾತ್ರ ತೋಳಿನೊಳಗೆ ಸಿಕ್ಕಿಕೊಂಡಿತ್ತು. ಕ್ರಿಸ್‌ಮಸ್ಸಿಗೆ ಮಗಳು ಜನೀನ್ ಕೊಟ್ಟಿದ್ದ ವಾಚು ಅದು. ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ, ಬಹಳ ಹೊತ್ತು ಅಲ್ಲಾಡದಿದ್ದರೆ ನಡುಗಿ ಎಬ್ಬಿಸುತ್ತದೆ. ಮಾರ್ಚಿನಲ್ಲಿ ಪಡೆಯ ಓಟದ ಪರೀಕ್ಷೆಯಿದೆ, ಐವತ್ತೆರಡಾಯಿತು, ಹಾಕಿಕೋ ಎಂದು ಮಗಳೇ ಕೈಗೆ ಕಟ್ಟಿದ್ದಳು.

ರಹಸ್ಯ ಕಡತಗಳ ಈ ಕೋಣೆಯೊಳಗೆ ಅಂಥದ್ದೊಂದು ಬರುವಂತಿರಲಿಲ್ಲ. ಕೇಳುವ, ನೋಡುವ, ಕಳಿಸುವ ಯಾವ ಯಂತ್ರವೂ ಬರುವಂತಿಲ್ಲ. ಉಕ್ಕಿನ ಬಾಗಿಲ ಹೊರಗೆ ಚಿಕ್ಕ ಚಿಕ್ಕ ಬೀಗದ ಡಬ್ಬಿಗಳಿವೆ. ಅದರ ಮೇಲಿನ ಕೆಂಪು ಫಲಕ ಲೊರೆಟ್ಟಾಳೇ ಬರೆಸಿದ್ದು. ಹನ್ನೊಂದು ವರ್ಷದಿಂದ ಬಾಗಿಲಲ್ಲಿ ನಿಂತು, ಬಂದವರು ಕರ್ನಲ್ಲೇ ಆಗಲಿ, "ಫೋನು, ವಾಚು, ಕಿವೀದು, ಎಲ್ಲಾ ಡಬ್ಬಿಗೆ" ಎನ್ನುತ್ತಿದ್ದವಳು ಅವಳು. ಹಿಂದಿನಿಂದ ಜನ ಅವಳನ್ನು ಡಬ್ಬಿ ಲೊರೆಟ್ಟಾ ಎನ್ನುವುದು ಅವಳಿಗೂ ಗೊತ್ತಿತ್ತು.

ತಪ್ಪಾದದ್ದು ಹೇಗೆಂದು ಹುಡುಕಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅವಳು ಈ ವಾಯುನೆಲೆಯ ಸಿವಿಲಿಯನ್ ನೌಕರಳು. ಉಣ್ಣೆಯ ಸ್ವೆಟರು, ಕೈಚೀಲ. ಡಬ್ಬಿಯ ಮುಂದೆ ಕೈಚೀಲ ತೆರೆದು ಫೋನು ಹಾಕುತ್ತಾಳೆ, ಕೈ ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ, ವಾಚೂ ಒಳಗೆ ಬೀಳುತ್ತದೆ. ತಿಂಗಳಿಗೊಂದು ಶನಿವಾರ, ಭಾನುವಾರ ಮಾತ್ರ ಮೀಸಲು ಪಡೆಯ ಸಾರ್ಜೆಂಟ್. ಕೋಣೆ ಅದೇ, ಕುರ್ಚಿ ಅದೇ, ಕೆಲಸ ಅದೇ, ಬಟ್ಟೆ ಬೇರೆ. ಅವತ್ತು ಕೈಚೀಲವಿಲ್ಲ, ಫೋನು ಕಾರಿನಲ್ಲೇ ಉಳಿಯುತ್ತದೆ, ಸಮವಸ್ತ್ರದ ತುಂಬುತೋಳು ಮಣಿಕಟ್ಟಿನವರೆಗೆ ಇಳಿದು ಪಟ್ಟಿಯಿಂದ ಬಿಗಿದಿರುತ್ತದೆ. ಡಬ್ಬಿಯ ಮುಂದೆ ನಿಲ್ಲಬೇಕಾದ ಕೆಲಸವೇ ಇರಲಿಲ್ಲ. ಕೈಗೆ ನೆನಪಾಗಲಿಲ್ಲ.

ವಿಮಾನದವರು ಎದ್ದು ಹೋದರು. ಮೇಜರ್ ಓಯ್ಲರ್ ಉಳಿದ. ವಾರಪೂರ್ತಿ ಪ್ರೌಢಶಾಲೆಯಲ್ಲಿ ಬೀಜಗಣಿತ ಕಲಿಸುವ ಓಯ್ಲರ್ ಈ ಎರಡು ದಿನಗಳ ಮಟ್ಟಿಗೆ ಅವಳ ಮೇಲಧಿಕಾರಿ. ಅವನಿಗೆ ಈ ಕೆಲಸದ ಅಆಇಈ ಕಲಿಸಿದ್ದು ಲೊರೆಟ್ಟಾಳೇ.

"ಸಾರ್ಜೆಂಟ್, ನಿಮ್ಮ ತೋಳು ಮಾತಾಡ್ತು," ಎಂದ.

ಲೊರೆಟ್ಟಾ ನಕಾಶೆಯನ್ನು ಸುತ್ತುತ್ತಿದ್ದವಳು ನಿಲ್ಲಿಸಿದಳು.

"ಕ್ಲಾಸಲ್ಲಿ ಮೂವತ್ತು ಹುಡುಗ್ರ ಜೇಬು ಕೇಳಿಸ್ಕೊಂಡು ಕಿವಿ ಪಳಗಿದೆ ನಂಗೆ. ಬೇರೆ ಯಾರಿಗೂ ಗೊತ್ತಾಗ್ಲಿಲ್ಲ ಬಿಡಿ. ಕಾರಿಗ್ ಹೋಗಿ ಇಟ್ಟು ಬನ್ನಿ. ನಾನೇನೂ ಕೇಳಿಲ್ಲ."

"ಸರ್..."

"ಎಷ್ಟು ವರ್ಷ ಉಳ್ದಿದೆ ಪೆನ್ಷನ್‌ಗೆ?"

"ಎರಡು ವರ್ಷ, ನಾಲ್ಕು ತಿಂಗಳು."

"ಮತ್ತೆ? ಹೋಗಿ, ಹೋಗಿ. ಕಾಫಿ ತರೋಕೆ ಹೋಗಿದ್ರಿ ಅಂತೀನಿ."

ಹೊರಗೆ ಜನವರಿಯ ಚಳಿ. ಒಹಾಯೊದ ಆಕಾಶ ಹಳೇ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಕಾರಿನೊಳಗೆ ಕೂತು ಲೊರೆಟ್ಟಾ ವಾಚನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಹೇಳಿದರೆ ವಿಚಾರಣೆ. ವಿಚಾರಣೆ ಮುಗಿಯುವವರೆಗೆ ಆ ಕೋಣೆಯ ಬಾಗಿಲು ಮುಚ್ಚಿದಂತೆ. ರಹಸ್ಯ ಕಡತ ಮುಟ್ಟುವ ಅನುಮತಿಯನ್ನೇ ಕಿತ್ತುಕೊಂಡರೆ ಸಮವಸ್ತ್ರ ಹೋಯಿತು. ಸಮವಸ್ತ್ರ ಹೋದರೆ ವಾರದ ಕುರ್ಚಿಯೂ ಹೋಯಿತು. ಮೀಸಲು ಪಡೆಯಲ್ಲಿರುವವರಿಗೆ ಮಾತ್ರ ಆ ಕುರ್ಚಿ. ಒಂದು ಗಂಟು ಬಿಚ್ಚಿದರೆ ಇನ್ನೊಂದು ತಾನೇ ಜಾರುತ್ತದೆ. ಏಪ್ರಿಲಿಗೆ ಗಂಡ ಎಮಿಲನ ಮಂಡಿಯ ಆಪರೇಷನ್ ನಿಗದಿಯಾಗಿತ್ತು. ಅದರ ವಿಮೆ ಆ ಕುರ್ಚಿಯದೇ.

ಹೇಳದಿದ್ದರೆ? ಏನೂ ಇಲ್ಲ. ಓಯ್ಲರ್ ಒಳ್ಳೆಯವನು, ಬಾಯಿಬಿಡುವುದಿಲ್ಲ. ಆದರೆ ಒಳ್ಳೆಯವರ ಮುಖಕ್ಕೂ ನಗು ಬರುತ್ತದೆ. ಮುಂದಿನ ತಿಂಗಳು ಅವನು ಒಂದು ಕಡತ ತಡಮಾಡಿದಾಗ ತಾನು ಗದರಬಹುದೇ? ಗದರಿದರೆ ಅವನು ನಗುತ್ತಾನೆಯೇ? ನಕ್ಕರೆ ಅದು ಯಾವ ನಗು? ಶತ್ರುಗಳ ಹಡಗು ಎಲ್ಲಿ ತಿರುಗಿತು, ಏಕೆ ತಿರುಗಿತು ಎಂದು ಓದುವುದೇ ಬದುಕಾದವಳು ಎರಡು ವರ್ಷ ನಾಲ್ಕು ತಿಂಗಳು ಒಬ್ಬ ಲೆಕ್ಕದ ಮೇಷ್ಟರ ಮೂತಿ ಓದುತ್ತ ಕೂರಬೇಕು.

ಅವಳು ಕಾರಿನ ಬಾಗಿಲು ಹಾಕಿದಳು. ವಾಚು ಕೈಯಲ್ಲೇ ಇತ್ತು.

ಘಟಕದ ಭದ್ರತೆಯ ಕೆಲಸ ಸಾರ್ಜೆಂಟ್ ಯೋಲಾಂಡಾ ಪ್ರೂಯಿಟ್‌ಳದು. ಅದಕ್ಕೇ ಲೊರೆಟ್ಟಾಳ ಕಾಲು ಹಾದಿಯಲ್ಲಿ ಎರಡು ಸಲ ನಿಂತಿತು. ಎಂಟು ತಿಂಗಳ ಹಿಂದೆ ಕಿವಿಯಲ್ಲಿ ಹಾಡು ಕೇಳುವ ಇಯರ್‌ಫೋನು ಮರೆತು ಒಳಗೆ ಬಂದಿದ್ದವಳು ಈ ಪ್ರೂಯಿಟ್. ಒಂದು ಗಂಟೆಯೊಳಗೆ ಅವಳ ಹೆಸರು ಬರೆದು ಕಳಿಸಿದವಳು ಲೊರೆಟ್ಟಾ. ಎರಡು ಕವಾಯತಿನ ವಾರಾಂತ್ಯ ಪ್ರೂಯಿಟ್ ಉಗ್ರಾಣದಲ್ಲಿ ಕೈಗವಸು ಎಣಿಸಿದ್ದಳು. ಹಿಂದಿರುಗಿದಾಗ ಕಮಾಂಡರು ಭದ್ರತೆಯ ಕಡತವನ್ನು ಅವಳ ತಲೆಗೇ ಕಟ್ಟಿದ್ದರು. ಬಿದ್ದವಳಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿರುತ್ತದೆ ಎಂದಿದ್ದರಂತೆ.

ಪ್ರೂಯಿಟ್ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. ಲೊರೆಟ್ಟಾ ವಾಚನ್ನು ಮೇಜಿನ ಮೇಲಿಟ್ಟಳು.

"ಇದೇನ್ ಸಾರ್ಜೆಂಟ್, ನಂಗೆ ಹುಟ್ಟುಹಬ್ಬದ ಉಡುಗೊರೆನಾ?"

"ಒಳಗೆ ಹಾಕ್ಕೊಂಡ್ ಹೋಗಿದ್ದೆ."

"ಎಲ್ಲಿ ಒಳಗೆ?"

"ಇನ್ನೆಲ್ಲಿ."

ಪ್ರೂಯಿಟ್‌ಳ ಬಾಯಿ ತುಂಬ ಬಿಸ್ಕತ್ತಿತ್ತು. ಮೊದಲು ನಗು ಬಂತು, ಕೆಮ್ಮಾಯಿತು, ಕಣ್ಣಲ್ಲಿ ನೀರು ಬಂತು. "ನೀವು? ಡಬ್ಬಿ..." ಎಂದು ಶುರುಮಾಡಿ ಅಲ್ಲಿಗೇ ನುಂಗಿಕೊಂಡಳು.

"ಹೇಳು, ಹೇಳು. ಡಬ್ಬಿ ಲೊರೆಟ್ಟಾ. ಗೊತ್ತು ನಂಗೆ."

"ಅಯ್ಯೋ ದೇವ್ರೇ." ಪ್ರೂಯಿಟ್ ಕೈ ಒರೆಸಿಕೊಂಡು ಫಾರಂ ತೆಗೆದಳು. ಮುಖ ಗಂಭೀರವಾಯಿತು. "ಎಷ್ಟ್ ಹೊತ್ತು ಇದ್ರಿ?"

"ಊಟ ಆದ್ಮೇಲೆ ಒಂದೂ ಐವತ್ತಕ್ಕೆ ಹೋದೆ. ಮೂರು ಹೊಡೆಯೋಕೆ ಮುಂಚೆ ಬಂದೆ."

"ಬೆಳಿಗ್ಗೆ?"

"ಬೆಳಿಗ್ಗೆ ಪೂರ್ತಿ ಸಭಾಂಗಣದಲ್ಲಿದ್ದೆ. ನಾನೊಬ್ಳೇ ಅಲ್ಲ, ನೀನೂ ಪಕ್ಕದಲ್ಲೇ ತೂಕಡಿಸ್ತಿದ್ದೆ."

"ಅದನ್ನೆಲ್ಲ ಬರಿಯಲ್ಲ. ಫೋನ್ ಎಲ್ಲಿತ್ತು?"

"ಕಾರಲ್ಲಿ."

"ಯಾರಾದ್ರೂ ನೋಡಿದ್ರಾ?"

ಲೊರೆಟ್ಟಾ ಗೋಡೆಯ ಕ್ಯಾಲೆಂಡರು ನೋಡಿದಳು. ನಾಯಿಮರಿಗಳ ಚಿತ್ರದ ಕ್ಯಾಲೆಂಡರು. ಉಳಿದ ದಿನಗಳಲ್ಲಿ ಪ್ರೂಯಿಟ್ ನಾಯಿಗಳ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಾಳೆ.

"ಮೇಜರ್ ಓಯ್ಲರ್ ಕೇಳಿಸ್ಕೊಂಡ್ರು."

"ಏನಂದ್ರು?"

"ಅದನ್ನ ಅವರನ್ನೇ ಕೇಳು."

ಪ್ರೂಯಿಟ್ ಮೇಜಿನ ಫೋನೆತ್ತಿ, ಮೇಜರಿಗೂ ಒಂದು ಫಾರಂ ಇದೆ, ಬರಬೇಕು ಎಂದಳು. ಆಮೇಲೆ ಬರೆದಳು. "ಒಂದ್ ಲೆಕ್ಕಕ್ಕೆ ಅದೃಷ್ಟ ನಿಮ್ದು. ಶನಿವಾರ ಮಾಡಿದೀರಾ, ಶನಿವಾರಾನೇ ಹೇಳಿದೀರಾ. ಸೋಮವಾರದವರೆಗೂ ಬಚ್ಚಿಟ್ಟಿದ್ರೆ ಸಿವಿಲ್ ಕಡೆಯೋರ್ದು ಬೇರೆ ಫಾರಂ, ನಮ್ದು ಬೇರೆ. ಒಬ್ಬಳೇ ಹೆಂಗಸು, ಎರಡು ಕಳ್ಳತನ."

"ಬರೆಯೇ ಸುಮ್ನೆ."

"ಹೋದ್ ಸಲ ನೀವು ನನ್ ಹೆಸ್ರು ಬರೆದಾಗ, ಮನೇಗ್ ಹೋಗಿ ನಿಮ್ಮನ್ನ ಏನೇನ್ ಬೈದೆ ಗೊತ್ತಾ?"

"ಇಲ್ಲ."

"ನಮ್ಮಂಗಡಿ ನಾಯಿಗಳಿಗೆಲ್ಲ ಬಾಯಿಪಾಠ ಆಗಿತ್ತು." ಫಾರಮನ್ನು ತಿರುಗಿಸಿ ಮುಂದಿಟ್ಟಳು. "ಇಲ್ಲಿ ಸಹಿ ಹಾಕಿ. ಕೋಣೆಯೊಳಗೆ ಬಿಡೋ ಬಾಗಿಲ ಚೀಟಿ ಕೊಡಿ. ಸೋಮವಾರದಿಂದ ಉಗ್ರಾಣಕ್ಕೆ ಹೋಗಿ, ಕೈಗವಸು ಎಣಿಸಿ. ಎಡಗೈದು ಯಾವಾಗ್ಲೂ ಕಮ್ಮಿ ಇರುತ್ತೆ, ಗಾಬರಿ ಬೀಳ್ಬೇಡಿ."

ಲೊರೆಟ್ಟಾ ಸಹಿ ಹಾಕಿ ಚೀಟಿ ಕೊಟ್ಟಳು. ಕಾರಿನಲ್ಲಿ ಕೂತಾಗಿನಿಂದ ಎದೆಯ ಮೇಲೆ ಕೂತಿದ್ದುದು ಎದ್ದು ಹೋಗಿತ್ತು. ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೂ ಹಸಿವಾಯಿತು. ಪ್ರೂಯಿಟ್‌ಳ ಪೊಟ್ಟಣದಿಂದ ಕೇಳದೇ ಒಂದು ಬಿಸ್ಕತ್ತು ತೆಗೆದುಕೊಂಡಳು. ಬಾಗಿಲಲ್ಲಿ ಓಯ್ಲರ್ ಎದುರಾದ.

"ನಂಗೂ ಫಾರಂ ಇದೆಯಂತೆ," ಎಂದ. ಕಿವಿ ಕೆಂಪಾಗಿತ್ತು. "ಮಕ್ಳಿಗೆ ಕಾಪಿ ಹೊಡೀಬೇಡಿ ಅಂತ ಹೇಳ್ಕೊಡೋನು ನಾನು. ಥೂ."

"ಪೆನ್ನಿದೆಯಾ ಸರ್?" ಎಂದಳು ಲೊರೆಟ್ಟಾ. ತನ್ನದೇ ಕೊಟ್ಟಳು.

ಸಂಜೆ ಎಮಿಲನಿಗೆ ಎಲ್ಲ ಹೇಳಿದಾಗ ಅವನು ಎಲೆಕೋಸು, ಸಾಸೇಜು ಬಡಿಸುತ್ತಿದ್ದವನು ಸೌಟನ್ನು ಹಾಗೇ ಹಿಡಿದು ನಿಂತ. ಇಪ್ಪತ್ತೆಂಟು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿ ಸವೆದ ಮಂಡಿ ಅವನದು.

"ಇದೊಂದ್ ಮಂಡಿ ಇನ್ನೊಂದ್ ವರ್ಷ ತಡ್ಕೊಳುತ್ತೆ ಬಿಡು," ಎಂದು ಬಡಿಸಿದ.

"ಸುಳ್ಳು ಹೇಳ್ಬೇಡ."

"ಸರಿ, ಆರು ತಿಂಗಳು."

ಭಾನುವಾರದ ಕವಾಯತು ಕಳೆಯಿತು. ಸೋಮವಾರ, ಮಂಗಳವಾರ, ಬುಧವಾರ ಅವಳು ಸ್ವೆಟರು ಹಾಕಿಕೊಂಡು ಉಗ್ರಾಣದಲ್ಲಿ ಕೂತಳು. ಕೈಗವಸು ಎಣಿಸಿದಳು, ಮಲಗುವ ಚೀಲ ಎಣಿಸಿದಳು. ಎಡಗೈಯವು ನಿಜಕ್ಕೂ ಕಡಿಮೆ ಇದ್ದವು. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ, "ವಾಚು ಡಬ್ಬಿಗೆ ಹಾಕ್ಬೇಕಾ ಇಲ್ಲೂ?" ಎಂದರು. ಮೊದಲ ದಿನ ಕಿವಿ ಬಿಸಿಯಾಯಿತು. ಎರಡನೆಯ ದಿನ, "ಇಲ್ಲಿ ಕೈಯನ್ನೇ ಬಿಚ್ಚಿಡ್ಬೇಕು, ಬಾ" ಎಂದಳು. ಮೂರನೆಯ ದಿನ ಯಾರೂ ಬರಲಿಲ್ಲ.

ಗುರುವಾರ ಹತ್ತೂವರೆಗೆ ಉಗ್ರಾಣದ ಫೋನು ರಿಂಗಾಯಿತು. ಪ್ರೂಯಿಟ್ ಅಂಗಡಿಯಿಂದ ಮಾತಾಡುತ್ತಿದ್ದಳು. ಹಿಂದೆ ಯಾವುದೋ ನಾಯಿ ಪ್ರಾಣಹೋಗುವಂತೆ ಊಳಿಡುತ್ತಿತ್ತು.

"ಸಾರ್ಜೆಂಟ್... ಅಲ್ಲ, ಇವತ್ತು ಗುರುವಾರ, ಲೊರೆಟ್ಟಾ! ನೆಲೆಯ ಭದ್ರತೆಯೋರು ಈಗಷ್ಟೇ ಫೋನ್ ಮಾಡಿದ್ರು. ವಾಚಲ್ಲಿ ಮೈಕ್ ಇಲ್ಲ, ಕ್ಯಾಮೆರಾ ಇಲ್ಲ, ಫೋನಿಲ್ದೆ ಅದು ಏನನ್ನೂ ಹೊರಗೆ ಕಳಿಸಿಲ್ಲ. ನಿಮ್ಮ ಎದೆಬಡಿತ ಒಂದೇ ಅದ್ರಲ್ಲಿರೋದು... ಏಯ್ ಸುಮ್ನಿರೋ, ಕಿವಿ ಕೊಯ್ಯಲ್ಲ ನಿಂದು! ಲೊರೆಟ್ಟಾ, ಎರಡೂ ಮುಕ್ಕಾಲಿಗೆ ನೂರಾ ನಲವತ್ತು ಹೋಗಿತ್ತಂತೆ. ಬದುಕಿದೀರಲ್ಲ, ಅದೇ ಹೆಚ್ಚು."

"ಏನ್ ಮಾಡ್ತಾರಂತೆ?"

"ಒಂದು ಎಚ್ಚರಿಕೆ ಕಾಗದ. ಅಷ್ಟೇ. ಅನುಮತಿಗೆ ಏನೂ ಆಗಿಲ್ಲ. ಬಾಗಿಲ ಚೀಟಿ ಮುಂದಿನ ಕಚೇರೀಲಿದೆ, ಈಗ್ಲೇ ಇಸ್ಕೊಂಡು ಒಳಗ್ ಹೋಗ್ಬಹುದು. ಮೇಜರ್ರಿಗೂ ಒಂದು ಕಾಗದ."

"ಥ್ಯಾಂಕ್ಸ್ ಯೋಲಾಂಡಾ."

"ನಂಗ್ಯಾಕೆ ಥ್ಯಾಂಕ್ಸು. ನಿಮ್ಮಿಂದಾನೇ ಕಲ್ತಿದ್ದು," ಎಂದು ಪ್ರೂಯಿಟ್ ಫೋನಿಟ್ಟಳು.

ಲೊರೆಟ್ಟಾ ಎಮಿಲನಿಗೆ ಫೋನು ಮಾಡಿ, "ಏಪ್ರಿಲ್‌ಗೇ" ಎಂದಷ್ಟೇ ಹೇಳಿದಳು. ಅವನು "ಹೂಂ" ಎಂದು ಮೂಗು ಸೀಟಿದ್ದು ಕೇಳಿಸಿತು.

ಉಗ್ರಾಣದ ದೊಡ್ಡ ಬಾಗಿಲನ್ನು ಲಾರಿಗೆಂದು ಎತ್ತಿ ಬಿಟ್ಟಿದ್ದರು. ಅವಳು ಸ್ವೆಟರಿನ ಗುಂಡಿ ಹಾಕಿಕೊಂಡು ಹೊಸ್ತಿಲಿಗೆ ಬಂದಳು. ಮುಂದಿನ ಕಚೇರಿ ಬಲಕ್ಕೆ, ನೂರು ಹೆಜ್ಜೆ. ಎದುರಿಗೆ ರನ್‌ವೇ. ನಾಲ್ಕು ಪ್ರೊಪೆಲ್ಲರಿನ ಸಾಗಣೆ ವಿಮಾನವೊಂದು ಅಭ್ಯಾಸದ ಸುತ್ತು ಹಾಕುತ್ತಿತ್ತು. ಒಳಗಿದ್ದವರ ಹೆಸರು ಅವಳಿಗೆ ಗೊತ್ತು. ಯಾರಿಗೆ ಎಷ್ಟು ಸಕ್ಕರೆ, ಯಾರು ತೂಕಡಿಸುತ್ತಾರೆ ಎಂಬುದೂ ಗೊತ್ತು. ಅದು ತಗ್ಗಿ ಬಂದು, ಚಕ್ರ ನೆಲಕ್ಕೆ ತಾಗಿಸಿ, ನಿಲ್ಲದೆ ಮತ್ತೆ ಎದ್ದಿತು. ರನ್‌ವೇಯ ಅಂಚಿನ ಹಿಮ ಪುಡಿಯಾಗಿ ಹಾರಿ ಹುಲ್ಲಿನ ಮೇಲೆ ಇಳಿಯಿತು. ಅವಳು ಅದು ಇನ್ನೊಂದು ಸುತ್ತು ಬರುವವರೆಗೆ ಅಲ್ಲೇ ನಿಂತಿದ್ದಳು.