ಅರ್ಜಿ ಯಾರ್ದು?

ಸೇಡಂ ಬಸ್‌ಸ್ಟ್ಯಾಂಡ್ ರೋಡಿಗೆ ತಗಡಿನ ಶೆಡ್‌ಗಳ ಒಂದು ಸಾಲು ಅದ. ಅಲ್ಲಿ ಮುಂಜಾನೆ ಪೇಪರ್ ಓದಿ ಹೇಳೋ ಕೆಲಸ ನಂದು. ಅವ್ವ ಶಿವಕಾಂತಮ್ಮ ಮಿರ್ಚಿ ಭಜಿಗೆ ಹಿಟ್ಟು ಕಲಸ್ತಿರ್ತಾಳ. ಬಾಜೂಕ ಇಮಾಮ್ಬೀ ಖಾಲಾ ತನ್ನ ಶೆಡ್ಡಿನಾಗ ಬಳೆ, ಸರ ತೂಗಹಾಕ್ತಿರ್ತಾಳ. ನಾನು ಸ್ಟೂಲ್ ಮ್ಯಾಲ ಕುಂತು ಗಟ್ಟಿಯಾಗಿ ಓದ್ತೀನಿ. ಬರೇ ಓದಿದ್ರ ಯಾರೂ ಕೇಳಂಗಿಲ್ಲ, ಪ್ರತಿ ಸುದ್ದಿಗೂ ನಂದೊಂದು ಮಾತು ಬೇಕು. ಬೈಯೋದು ನನಗ ಚಲೋ ಬರ್ತದ. ಅದಕ್ಕೇ ಫೋನಿನ್ಯಾಗ ಒಂದು ಚಾನೆಲ್ ಮಾಡೀನಿ, 'ಲಕ್ಷ್ಮಿಕಾಂತನ ನೇರ ಮಾತು' ಅಂತ. ಚಿತ್ತಾಪುರ, ಶಹಾಬಾದ್ ಕಡೆ ಮಂದಿನೂ ನೋಡ್ತಾರ.

ಆವತ್ತು ಒಳಗಿನ ಪುಟದ ಮೂಲ್ಯಾಗ ನಮ್ಮದೇ ಸುದ್ದಿ ಇತ್ತು. 'ಸೇಡಂ ಶೆಡ್ ಪ್ರಕರಣ: ಅರ್ಜಿ ವಜಾ.' ಕೆಳಗ ಎರಡು ಸಾಲು: ಶೆಡ್‌ಗಳ ತೆರವಿಗೆ ಸಂಬಂಧಿಸಿದ ಅರ್ಜಿಯನ್ನು ಹೈಕೋರ್ಟಿನ ಕಲಬುರಗಿ ಪೀಠ ವಜಾಗೊಳಿಸಿದೆ. ಅಷ್ಟೇ.

ಅವ್ವನ ಕೈ ಹಿಟ್ಟಿನಾಗೇ ನಿಂತ್ವು.

"ವಜಾ ಅಂದ್ರ?"

"ತೆಗದು ಒಗೆದಾರ ಅವ್ವಾ."

ನಮ್ಮ ಸಾಲಿನ ಹಿಂದ ಶಂಕರಲಿಂಗ ಸಾವ್ಕಾರಂದು ಹೊಸ ಕಾಂಪ್ಲೆಕ್ಸ್ ಎದ್ದದ. ಗ್ಲಾಸಿನ ಅಂಗಡಿಗೋಳು. ಮುಂದ ನಮ್ಮ ತಗಡ ಇದ್ದದ್ದಕ್ಕ ಬಾಡಿಗಿ ಬರವಲ್ದು ಅಂತ ಆತಗ ಸಿಟ್ಟು. ಕೇಸು ನಡದಿತ್ತು. ನಮ್ಮ ಕಡೆ ವಕೀಲರು ಪ್ರಮಿತಾ ಮೇಡಂ, ಸೇಡಂದವರೇ, ಕಲಬುರಗಿಯೊಳಗ ಪ್ರಾಕ್ಟೀಸು. ಅವರು ಬಂದು ಎಲ್ಲಾರ ಸಹಿ, ಹೆಬ್ಬೆಟ್ಟು ತಗೊಂಡು ಹೋಗಿದ್ರು. ಆ ಕಾಗದಾನೇ ಈಗ ಕೋರ್ಟು ಒಗದದ ಅಂತ ನಾನೂ ತಿಳಕೊಂಡೆ, ಸಾಲಿಗೆ ಸಾಲೇ ತಿಳಕೊಂಡಿತು.

ನನ್ನ ತಲಿ ಕಾದು ಹೋಯ್ತು. ಫೋನ್ ತೆಗದೆ, ಲೈವ್ ಹಚ್ಚಿದೆ.

"ನೋಡ್ರಿ ಬಂಧುಗಳೇ! ಬಡವರ ಅರ್ಜಿ ಅಂದ್ರ ಕಸ! ಹತ್ತಾರು ವರ್ಷ ಇಲ್ಲೇ ಭಜಿ ಕರದ ನಮ್ಮವ್ವ ಇನ್ನ ಎಲ್ಲಿಗೆ ಹೋಗಬೇಕ್ರಿ?"

ಚಾ ಕುಡಿಯೋದ್ರಾಗ ಅದು ಎಲ್ಲಾ ಕಡೆ ಹಬ್ಬಿತು. ವಾಡಿ ಊರಾಗ ಒಬ್ಬಾಂವ ಕೊರಳಿಗೆ ಟೈ ಕಟಕೊಂಡು 'ಕಾನೂನು ವಿಶ್ಲೇಷಣೆ' ಅಂತ ಚಾಲೂ ಮಾಡಿದ. ಇನ್ನ ಸುಪ್ರೀಂ ಕೋರ್ಟೇ ಗತಿ ಅಂದ. ಕುಂಚಾವರಂದಿಂದ ನಮ್ಮ ಮಾವ ಅದನ್ನೇ ನನಗ ತಿರುಗಿ ಕಳಿಸಿದ, ಅಳೋ ಇಮೋಜಿ ಬೊಂಬಿ ಹಚ್ಚಿ.

ಅಷ್ಟರಾಗ ಶಂಕರಲಿಂಗ ಸಾವ್ಕಾರ ಬಂದ. ಹಿಂದಿನಿಂದ, ಕಾಂಪ್ಲೆಕ್ಸ್ ಮುಂದ ನೆಲಕ್ಕ ಹಾಸಾಕ ಒಂದು ಟ್ರ್ಯಾಕ್ಟರ್ ಶಹಾಬಾದ್ ಕಲ್ಲು.

"ಪೇಪರ್ ಓದಿದಿ ಏನ್ ತಂಗಿ?" ಅಂದ ಅವ್ವಗ, ಭಾಳ ಮೆತ್ತಗ. "ನನಗೂ ಕೆಟ್ಟ ಅನಸ್ತದ. ಆದ್ರ ಕೋರ್ಟ್ ಮಾತು ನೋಡು. ಜೆಸಿಬಿ ಬಂತಂದ್ರ ತಗಡು ಉಳಿಯಂಗಿಲ್ಲ. ನೀವೇ ಬಿಚ್ಕೊಂಡು ಹೋಗ್ರಿ. ಟ್ರ್ಯಾಕ್ಟರ್ ನಂದೇ ತಗೊಳ್ರಿ, ಮುಫತ್."

ಅವ್ವ ಸ್ಟೂಲ್ ಹತ್ತಿ ತಗಡಿನ ಮೊಳೆ ಕೀಳಾಕತ್ತಿದಳು. ಜೆಸಿಬಿ ಹಲ್ಲಿಗೆ ಸಿಕ್ಕ ತಗಡು ಹ್ಯಾಂಗ ಆಗ್ತದ ಅಂತ ಆಕೀ ನೋಡ್ಯಾಳ. ಇಮಾಮ್ಬೀ ಖಾಲಾ ಬಳೆ ಡಬ್ಬಿ ತುಂಬಿಕೊಂಡು ಶೆಡ್ ಖಾಲಿ ಮಾಡೇ ಬಿಟ್ಟಳು. ಆ ಖಾಲಿ ಜಾಗದಾಗ ಸಾವ್ಕಾರನ ಆಳುಗಳು ಕಲ್ಲು ಇಳಿಸಾಕ ಸುರು ಮಾಡಿದ್ರು.

ಆವಾಗ ಫೋನ್ ಬಂತು. ಪ್ರಮಿತಾ ಮೇಡಂ.

"ಲಕ್ಷ್ಮಿಕಾಂತ, ಏನ್ ಒದರಾಕತ್ತೀರಿ ನೀವು ಮುಂಜಾನಿಂದ?"

"ಒದರದೇ ಏನ್ ಮಾಡ್ಲಿರಿ? ನಮ್ಮ ಅರ್ಜಿ ವಜಾ ಆದ್ರ ನೀವು ಒಂದು ಫೋನ್ ಸಹಿತ ಮಾಡ್ಲಿಲ್ಲ!"

"ನಿನ್ನೆ ಸಂಜೀಕ ನಿಮ್ಮ ಅವ್ವಗ ಎರಡು ಸಲ ಹಚ್ಚೀನಿ, ಎತ್ತಿಲ್ಲ. ಅದಿರ್ಲಿ. ನಿಮ್ಮ ಅರ್ಜಿ ಅಂದ್ರ ಯಾವುದ್ರಿ? ನೀವು ಯಾವಾಗ ಹಾಕಿದ್ರಿ?"

"ಸಹಿ ಮಾಡಿದ್ವಲ್ರಿ!"

"ಅದು ನಿಮ್ಮ ಪರ ನಾನು ನಿಂತು ಮಾತಾಡ್ಲಿಕ್ಕೆ. ಅರ್ಜಿ ಹಾಕಿದಾಂವ ಶಂಕರಲಿಂಗ. ಈ ಶೆಡ್ ಎಬ್ಬಿಸಿ ಕೊಡ್ರಿ ಅಂತ ಕೇಳ್ದ. ಕೋರ್ಟು ಒಗದದ್ದು ಅವನ ಅರ್ಜಿ. ನಿಮ್ಮಂಗ ಬೀದಿ ವ್ಯಾಪಾರದ ಗುರುತಿನ ಕಾರ್ಡ್ ಇದ್ದೋರನ್ನ ಬೇರೆ ಜಾಗ ತೋರಸದೇ ಎಬ್ಬಿಸೋ ಹಂಗಿಲ್ಲ ಅಂತ ಹೇಳ್ಯಾರ. ಗೆದ್ದೀರಿ ನೀವು! ಗೆದ್ದು ಅಳಾಕತ್ತೀರಿ!"

ಅರ್ಜಿ ಸಾವ್ಕಾರಂದು ಇರಬಹುದು ಅಂತ ನನಗ ಹೊಳದೇ ಇರಲಿಲ್ಲ. ಯಾಕಂದ್ರ ಅರ್ಜಿ ಅಂದ್ರ ನಮ್ಮ ಓಣ್ಯಾಗ ಬಡವರು ಕೊಡೋದು. ಪಿಂಚಣಿಗೆ ಅರ್ಜಿ, ರೇಷನ್‌ಗೆ ಅರ್ಜಿ, ನಳಕ್ಕ ಅರ್ಜಿ. ದೊಡ್ಡ ಮಂದಿ ಫೋನ್ ಮಾಡ್ತಾರ, ಕೆಲಸ ಆಗ್ತದ. ವಜಾ ಆಗೋ ಅರ್ಜಿ ಇದ್ರ ಅದು ನಮ್ಮದೇ ಇರಬೇಕು ಅಂತ ಹುಟ್ಟಿದಾಗಿಂದ ಕಲ್ತೀವಿ. ಸಾವ್ಕಾರಗ ಅದು ಚಲೋ ಗೊತ್ತಿತ್ತು. ಹೈಕೋರ್ಟಿನ್ಯಾಗ ಸೋತಾಂವ ಪೇಪರಿನ್ಯಾಗ ಗೆಲ್ಲಾಕ ಬಂದಿದ್ದ.

"ಮೇಡಂ, ಇಲ್ಲಿ ಬಿಚ್ಚಾಕತ್ತಾರ್ರಿ!"

"ನಿಲ್ಲಸ್ರಿ ಮೊದಲ! ತಾವೇ ಬಿಟ್ಟು ಹೋದ್ರು ಅಂತ ನಾಳೆ ಹೇಳ್ತಾನ. ನಾನು ಆದೇಶದ ಪ್ರತಿ ತಗೊಂಡು ಹೊಂಟೀನಿ."

ಓಡಿ ಹೋಗಿ ಅವ್ವನ ಕೈಯಾಗಿನ ಸುತ್ತಿಗಿ ಕಸಕೊಂಡೆ. ಫೋನ್ ಮತ್ತ ಲೈವ್ ಹಚ್ಚಿ ಸಾವ್ಕಾರನ ಮಾರಿ ಮುಂದ ಹಿಡದೆ.

"ಸಾವ್ಕಾರ್ರ, ಒಂದೇ ಪ್ರಶ್ನೆ. ವಜಾ ಆಗ್ಯದಲ್ಲ, ಆ ಅರ್ಜಿ ಯಾರ್ದು?"

"ಪೇಪರಿನ್ಯಾಗ ಬಂದದಲ್ಲೋ ತಮ್ಮಾ..."

"ಪೇಪರ್ ನಾನೂ ಓದೀನಿ. ಹೆಸರು ಹೇಳ್ರಿ. ಯಾರ್ದು?"

ಆತ ಕ್ಯಾಮೆರಾ ನೋಡಿದ, ಟ್ರ್ಯಾಕ್ಟರ್ ನೋಡಿದ. "ಅದೆಲ್ಲಾ ವಕೀಲರಿಗೆ ಗೊತ್ತು" ಅಂದ.

"ನಿಮ್ಮ ವಕೀಲರಿಗೆ. ಯಾಕಂದ್ರ ಅರ್ಜಿ ನಿಮ್ದು!"

ಇಮಾಮ್ಬೀ ಖಾಲಾ ಡಬ್ಬಿ ಕೆಳಗಿಟ್ಟಳು.

"ಯಾ ಅಲ್ಲಾ! ಸಾವ್ಕಾರ, ನೀನೂ ಅರ್ಜಿ ಹಾಕ್ತೀ? ನಮ್ಮಂಗ?"

ಯಾರೋ ಫಕ್ಕನ ನಕ್ಕರು. ಖಾಲಾ ಬಿಡಲಿಲ್ಲ. "ಪಾಳಿಯೊಳಗ ನಿಂತಿದ್ದೇನು? ನಾಳೆ ಬಾ ಅಂದ್ರೇನು? ಮೊದಲೇ ಹೇಳಬೇಕಿತ್ತಲ್ಲ ಬೇಟಾ, ನಾವು ಕಲಿಸ್ತಿದ್ವಿ, ಅರ್ಜಿ ಹ್ಯಾಂಗ ಹಾಕೋದು ಅಂತ!"

ಬಸ್ಸಿಗೆ ನಿಂತ ಮಂದಿ ಸಹಿತ ನಗಾಕತ್ತಿದ್ರು. ಸಾವ್ಕಾರನ ಮಾರಿ ಕೆಂಪಾಯ್ತು. "ಏ ಕಲ್ಲು ತುಂಬ್ರಲೇ!" ಅಂತ ಆಳುಗಳ ಮ್ಯಾಲ ಹರಿಹಾಯ್ದ. ಇಳಿಸಿದ್ದ ಕಲ್ಲೆಲ್ಲಾ ಒಂದೊಂದಾಗಿ ಮತ್ತ ಟ್ರ್ಯಾಕ್ಟರ್ ಏರಿದ್ವು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಪೇಪರಿನವರಿಗೆ ಫೋನ್ ಹಚ್ಚಿ, ಎರಡು ಸಾಲಿನಾಗ ಒಂದು ಹೆಸರು ಹಾಕಾಕ ನಿಮ್ಮ ಗಂಟೇನು ಹೋಗ್ತಿತ್ತು ಅಂತ ಕೇಳಬೇಕಂತ ನಂಬರ್ ಹುಡುಕಾಕತ್ತಿದ್ದೆ. ಅವ್ವ ಕೂಗಿದಳು.

"ಲಕ್ಷ್ಮ್ಯಾ, ಅವರು ಹೆಸರು ಹಾಕಲಿಲ್ಲ ಖರೇ. ನೀ ನಮ್ಮ ಹೆಸರು ಹಚ್ಚಿದೆಲ್ಲ, ಅದಕ್ಕೇನಂತಿ?"

"ನಾ ಏನ್ ಬೇಕಂತ..."

"ಊರೂರಿಗೆ ನಾವು ಸೋತೀವಿ ಅಂತ ಒದರೀದಿ. ಈಗ ಗೆದ್ದೀವಿ ಅಂತ ಅಷ್ಟೇ ಗಟ್ಟಿಯಾಗಿ ಒದರು. ಮೊದಲ ತಪ್ಪಾತು ಅನ್ನು."

ಅಂದೆ. ಮೊದಲು ತಪ್ಪಾಯ್ತು ಅಂದೆ. ಆಮ್ಯಾಲ ಅರ್ಜಿ ಯಾರ್ದು, ಅದನ್ನ ಒಗದವರು ಯಾರು, ಜಾಗದಾಗ ಉಳಿಯೋರು ಯಾರು, ಮೂರನ್ನೂ ಬಿಡಿಸಿ ಹೇಳಿದೆ. ವಾಡಿಯ ಟೈದಾಂವ ತನ್ನ ವಿಶ್ಲೇಷಣೆ ಅಳಿಸಿ ಹಾಕಿದ. ಮಾವ ಈ ಸಲ ನಗೋ ಬೊಂಬಿ ಕಳಿಸಿದ.

ಬಿಚ್ಚಿದ ತಗಡು ತಿರುಗಿ ಹೊಡಿಯೋದು ಇನ್ನೂ ಬಾಕಿ ಇತ್ತು. ಅವ್ವ ಕಾಯಲಿಲ್ಲ. ಮ್ಯಾಲ ತಗಡಿಲ್ಲದ ಶೆಡ್ಡಿನಾಗ, ಸುಡು ಬಿಸಿಲಾಗೇ ಒಲಿ ಹಚ್ಚಿ ಎಣ್ಣಿ ಕಾಯಿಸಿದಳು. ಚಿಂಚೋಳಿ ಬಸ್ಸಿನ ಕಂಡಕ್ಟರ್ ಕಿಟಕ್ಯಾಗಿಂದ ತಲಿ ಹೊರಗ ಹಾಕಿದ.

"ಅಂಗಡಿ ಬಂದ್ ಆತಂತಲ್ಲ ಅಕ್ಕಾ? ವಿಡಿಯೋ ನೋಡ್ದೆ."

"ಯಾರು ಹೇಳಿದಾಂವ?" ಅಂದಳು ಅವ್ವ, ಒಂದು ಕೈಲೆ ಎಣ್ಣಿಗೆ ಮಿರ್ಚಿ ಬಿಡ್ತಾ. "ಎಷ್ಟು ಕಟ್ಲಿ ಹೇಳು."