ಮಿಂಚುವ ಪುಸ್ತಕಕ್ಕೆ ಹೆದರಿದ ಸಾಸಿವೆ

ಟೈಲರಮ್ಮನ ಮಗಳು ಸಾಸಿವೆಗೆ ನಾಲ್ಕು ವರ್ಷ. ಪುಸ್ತಕ ಕಂಡರೆ ಸಾಕು, ಹೊಲಿಗೆ ಮೆಷಿನ್ ಕೆಳಗೆ ನುಗ್ಗಿ ಕಿರುಚುತ್ತಿದ್ದಳು. ಆ ಕಿರುಚಾಟಕ್ಕೆ ಮೂರು ಬೀದಿಯಾಚೆಯ ನಾಯಿಗಳೂ ಬಾಲ ಮುದುರುತ್ತಿದ್ದವು ಅನ್ನಿ!

ಟೈಲರಮ್ಮನಿಗೆ ಎದೆ ಕುಸಿದಿತ್ತು. ತಾನಂತೂ ಹೆಚ್ಚು ಓದಲಿಲ್ಲ, ಮಗಳಾದರೂ ಓದಲಿ ಅಂತ ಆಸೆ. ಈಗಲೇ ಹೀಗೆ ಓಡಿದರೆ ಶಾಲೆಯ ಗತಿ?

ಮಕ್ಕಳ ಲೈಬ್ರರಿಯಲ್ಲಿ ಕೆಲಸ ಮಾಡುವ ನಾದಿನಿ ಬಂದಳು. "ಅತ್ತಿಗೆ, ಅದ್ಯಾವ ಪುಸ್ತಕ ತಂದಿದ್ದೀಯ, ತೋರ್ಸು."

ಟೈಲರಮ್ಮ ಹೆಮ್ಮೆಯಿಂದ ತೋರಿಸಿದಳು. ಸಾಸಿವೆ ಕಿರುಚುತ್ತಾ ಮೆಷಿನ್ ಕೆಳಗೆ ನುಗ್ಗಿದಳು. ಬಟ್ಟೆ ಆರಿಸುವ ಹಾಗೇ ಆರಿಸಿದ್ದಳು: ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಕೈಯಲ್ಲಿ ತೂಗಿ. ರಟ್ಟಿನ ತುಂಬಾ ಚಮ್ಕಿ. ಒಳಗೇನಿದೆ ಅಂತ ಮಾತ್ರ ನೋಡಿರಲಿಲ್ಲ.

ನಾದಿನಿ ತೆರೆದಳು. ಹಾಲು ಚೆಲ್ಲಿದ ಮಗುವನ್ನು ರಾಕ್ಷಸ ನುಂಗುತ್ತಿದ್ದ. ಮುಂದಿನ ಪುಟದಲ್ಲಿ ಸುಳ್ಳು ಹೇಳಿದ ಮಗುವನ್ನೂ.

"ಅಯ್ಯೋ, ಇದನ್ನ ನೋಡಿದ್ರೆ ನಾನೂ ಮೆಷಿನ್ ಕೆಳಗೇ ಕೂತ್ಕೋತೀನಿ ಕಣತ್ತಿಗೆ!" ಅನ್ನುತ್ತಾ ನಾದಿನಿ ಚೀಲದಿಂದ ಒಂದು ತೆಳು ಪುಸ್ತಕ ತೆಗೆದಳು.

"ಇದೇನೇ, ಪುಟಕ್ಕೊಂದೇ ಸಾಲು! ಉಳಿದ ಅಕ್ಷರಾನೆಲ್ಲ ಜಿರಳೆ ತಿಂತಾ?"

"ಸುಮ್ನೆ ಓದು. ಮಿಕ್ಕಿದ್ದನ್ನ ಚಿತ್ರ ಹೇಳುತ್ತೆ."

ಮೂಗು ಮುರಿಯುತ್ತಲೇ ಟೈಲರಮ್ಮ ಅಕ್ಷರ ಕೂಡಿಸಿ ಓದಿದಳು: "ಆನೆ ಊರು ಬಿಟ್ಟು ಹೊರಟಿತು."

ಕಿರುಚಾಟವಿಲ್ಲ. ಮೆಷಿನ್ ಕೆಳಗಿಂದ ಒಂದು ಮೂಗು ಬಂತು, ಆಮೇಲೆ ಎರಡು ಕಣ್ಣು, ಆಮೇಲೆ ಸಾಸಿವೆಯೇ ತೆವಳಿ ಬಂದು ಪುಟಕ್ಕೆ ಬಾಗಿದಳು.

"ಅಮ್ಮಾ, ಇಲಿ ಅಳ್ತಿದೆ."

"ಯಾವ ಇಲಿನೇ? ಇಲ್ಲಿ ಬರ್ದೇ ಇಲ್ಲ!"

ಸಾಸಿವೆ ಬೆರಳಿಟ್ಟಳು. ಪುಟದ ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ, ಕಡಲೆಕಾಳಿನಷ್ಟು ಇಲಿ. ಕೆನ್ನೆಯ ಮೇಲೆ ಒಂದು ಹನಿ.

"ಆನೆ ಅದರ ಫ್ರೆಂಡು. ಹೇಳ್ದೇನೇ ಹೋಗ್ತಿದೆ."

ಟೈಲರಮ್ಮ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದಳು. ತಪ್ಪಿದ ಒಂದು ಹೊಲಿಗೆಯನ್ನು ಬೀದಿಯಾಚೆಯಿಂದಲೇ ಹಿಡಿಯುವ ಕಣ್ಣು ಅವಳದು. ಆ ಕಣ್ಣಿಗೇ ಈ ಇಲಿ ಕಂಡಿರಲಿಲ್ಲ. ಒಂದಕ್ಷರ ಬಾರದ ಮಗು ಕಥೆ ಓದುತ್ತಿತ್ತು! ಆಕಾಶವೇ ಇಳಿದು ಬಂದು ಬಟ್ಟೆಚೂರುಗಳ ನಡುವೆ ಕುಳಿತಂತಾಯಿತು.

ಸಾಸಿವೆ ಅಮ್ಮನ ತೊಡೆ ಏರಿದಳು. "ಮುಂದಿನ ಪುಟ, ಬೇಗ! ಇಲಿಗೆ ಆನೆ ಸಿಗುತ್ತಾ?"

"ಇರೇ ತಾಯಿ, ನಂಗೂ ಗೊತ್ತಿಲ್ಲ!" ಟೈಲರಮ್ಮ ಪುಟ ತಿರುಗಿಸಿದಳು. "ನಾಳೆ ನಾವಿಬ್ರೂ ಲೈಬ್ರರಿಗೆ ಬರ್ತೀವಿ ಕಣೇ," ಅಂದಳು ನಾದಿನಿಗೆ.

ಅಕ್ಕಂದಿರೇ, ಅಣ್ಣಂದಿರೇ, ರಟ್ಟಿನ ಹೊಳಪಿಗೆ ಮರುಳಾಗಬೇಡಿ. ಮಗುವಿಗೆ ಕೊಡುವ ಮೊದಲು ಪೂರ್ತಿ ನೋಡಿ. ಹೆದರಿಸುವ, ಬರೀ ಬೈಯುವ ಪುಸ್ತಕ ಅಂಗಡಿಯಲ್ಲೇ ಇರಲಿ. ಚಿತ್ರವೂ ಕಥೆ ಹೇಳಬೇಕು. ಮಗು "ಇನ್ನೊಂದ್ಸಲ" ಅಂದರೆ ಅದು ಒಳ್ಳೆಯ ಪುಸ್ತಕ. ನಿಮಗೆ ಓದು ಬಾರದೇ? ಬಿಡಿ, ಚಿತ್ರ ತೋರಿಸಿ "ಇಲ್ಲೇನಿದೆ ಕಂದಾ?" ಅಂತ ಕೇಳಿ. ಆಮೇಲೆ ನಿಮ್ಮ ಬಾಯಿಗೆ ಬೀಗ ಹಾಕಿ ಕೂರಿ. ಮಗು ತೋರಿಸಿದ್ದು ನೋಡಿ ನೀವು ಬೆರಗಾಗದೆ ಹೋದರೆ ಆಗ ನನ್ನನ್ನು ಕೇಳಿ!