ಹ್ಞೂಂ ಅನ್ನುವವರಿಲ್ಲದ ಕತೆ

ಮೊರವನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರೆ ಅದೇ ನನ್ನ ಮೇಜಾಗುತ್ತಿತ್ತು. ಆ ಬೆಳಿಗ್ಗೆಯೂ ಅಕ್ಕಿ ಆರಿಸುತ್ತಿದ್ದಾಗ ಒಂದು ವಾಕ್ಯ ಹೊಳೆಯಿತು. ಅಕ್ಕಿಯನ್ನು ಪಾತ್ರೆಗೆ ಸುರಿದು, ಮೊರ ಮಗುಚಿ, ಹಾಳೆ ಹರಡಿದೆ. ಬಿದಿರಿನ ಹೆಣಿಗೆಯ ಮೇಲೆ ಪೆನ್ನು ಎಡವುತ್ತಿತ್ತು. ನನ್ನ ಅಕ್ಷರಗಳೆಲ್ಲ ಕುಂಟುತ್ತಿದ್ದವು. ಅರ್ಧ ವಾಕ್ಯ ಇಳಿಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಅಕ್ಕಿ ಆರ್ಸಿದ್ದಾಯ್ತೇನೇ? ಎಸರು ಕುದ್ದು ಕುದ್ದು ಇಂಗಿಹೋಗ್ತಿದೆ!"

"ಬಂದೆ ಅತ್ತೆ."

"ಬಂದೆ ಬಂದೆ ಅಂತಾನೇ ನಿನ್ನೆ ಅನ್ನದಲ್ಲಿ ಕಲ್ಲು ಬಂದಿತ್ತು. ನನಗಿರೋವೇ ನಾಲ್ಕು ಹಲ್ಲು ಕಣಮ್ಮಾ."

ನಕ್ಕು ಎದ್ದೆ. ಅನ್ನ ಬಸಿದು ಮರಳುವಷ್ಟರಲ್ಲಿ ವಾಕ್ಯದ ಉಳಿದರ್ಧ ಎಲ್ಲೋ ಹೋಗಿಬಿಟ್ಟಿತ್ತು.

ಬರೆಯುವ ಹುಮ್ಮಸ್ಸನ್ನು ಹೇಗೆ ಉಳಿಸಿಕೊಂಡಿರಿ ಎಂದು ಈಗ ಕೆಲವರು ನನ್ನನ್ನು ಕೇಳುತ್ತಾರೆ. ಆ ವರ್ಷ ನನ್ನಲ್ಲಿ ಹುಮ್ಮಸ್ಸು ಇರಲಿಲ್ಲ, ಸಿಟ್ಟಿತ್ತು. ಆಗ ಬರೆಯುತ್ತಿದ್ದ ಕತೆಯ ಹೆಣ್ಣು ಮಂದಾಕಿನಿ. ಗಂಡನೊಡನೆ ಮಾತು ನಿಂತುಹೋಗಿ, ಬೆಳಗಾದರೆ ಕಿಟಕಿಯ ಬಳಿ ನಿಂತು ನದಿ ನೋಡುತ್ತಿದ್ದಳು. ಅವಳು ಆ ಮನೆ ಬಿಟ್ಟು ಹೊರಡಬೇಕು, ಅಷ್ಟೇ ನನ್ನ ಕತೆ. ಅವಳು ಹೊರಡುತ್ತಿರಲಿಲ್ಲ. ಮಾವಿನಕಾಯಿ ಉಪ್ಪಿಗೆ ಹಾಕುವ ಕಾಲದಲ್ಲಿ ಅವಳನ್ನು ಕಿಟಕಿಯ ಬಳಿ ನಿಲ್ಲಿಸಿದ್ದೆ. ಅವರೆಕಾಯಿ ಬಂದರೂ ಅಲ್ಲೇ ನಿಂತಿದ್ದಳು. ಅವಳ ಸೀರೆಯ ಬಣ್ಣ ಬದಲಿಸಿದೆ. ನದಿಗೆ ಪ್ರವಾಹ ತಂದೆ. ಅದನ್ನೂ ನಿಂತೇ ನೋಡಿದಳು.

ತಪ್ಪೆಲ್ಲ ಮನೆಗೆಲಸದ್ದು ಎಂದೇ ನಂಬಿದ್ದೆ. ಎಸರು, ಕಸ, ಬಟ್ಟೆ ಇವೆಲ್ಲ ಇಲ್ಲದಿದ್ದರೆ ಕತೆ ತಾನಾಗಿ ಹರಿಯುತ್ತಿತ್ತು. ಅವುಗಳ ಒಂದು ಕಲೆಯೂ ತಾಗಬಾರದೆಂದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡೇ ಹಾಳೆ ಮುಟ್ಟುತ್ತಿದ್ದೆ.

ಅಂದು ಮಧ್ಯಾಹ್ನ ಅಡುಗೆಮನೆಯ ಗೂಡುಗಳನ್ನು ತೊಳೆದೆ. ಡಬ್ಬಿಗಳ ಕೆಳಗೆ ಹಾಸಲು ಹಳೆಯ ಪೇಪರು ಸಾಲಲಿಲ್ಲ. ಒಳಗೆ ಹೋಗಿ ಕತೆಯ ಹಾಳೆಗಳನ್ನು ತಂದೆ. ಇನ್ನು ಬರೆಯುವುದಿಲ್ಲ ಎಂದು ಯಾರಿಗೂ ಹೇಳುವ ಅಗತ್ಯವಿರಲಿಲ್ಲ; ಕಾಯುತ್ತಿದ್ದವರು ಯಾರು?

ಹಾಳೆ ಎತ್ತಿಕೊಡುವ ಕೆಲಸ ನನ್ನ ಮಗಳು ಸುರಗಿಯದು. ಆಗಷ್ಟೇ ಒತ್ತಕ್ಷರ ಕಲಿತಿದ್ದಳು. ಬೆಂಕಿಪೊಟ್ಟಣ ಸಿಕ್ಕರೂ ಬಿಡದೆ ಓದುತ್ತಿದ್ದಳು.

"ಅಮ್ಮಾ, ಇದು ಕತೆ!"

"ಹೌದು ಕಂದ. ಉಪ್ಪಿನ ಭರಣಿ ಕೆಳಗೆ ಹಾಸೋಣ, ಕೊಡು."

"ಓದಿ ಕೊಡ್ತೀನಿ. ನೀನು ಹ್ಞೂಂ ಅನ್ಬೇಕು."

ನಮ್ಮ ಮನೆಯ ಕಟ್ಟಳೆ ಅದು. ಅತ್ತೆ ಕತೆ ಹೇಳುವಾಗ ಕೇಳುವವರು ಮಾತುಮಾತಿಗೂ ಹ್ಞೂಂ ಅನ್ನಬೇಕಿತ್ತು. ಇಲ್ಲವಾದರೆ ಕತೆಯೊಳಗಿನವರು ದಾರಿ ತಪ್ಪಿಸಿಕೊಳ್ಳುತ್ತಾರೆ ಎಂದು ಅವರು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

"ಮಂದಾಕಿನಿ ಕಿಟಕಿಯ ಬಳಿ ನಿಂತಿದ್ದಳು," ಸುರಗಿ ಬೆರಳಿಟ್ಟು ಓದಿದಳು.

"ಹ್ಞೂಂ."

"ಅವಳ ಕಣ್ಣುಗಳಲ್ಲಿ ಅವ್ಯಕ್ತ ವಿಷಾದವಿತ್ತು. ವಿಷಾದ ಅಂದ್ರೆ?"

"ಬೇಜಾರು."

"ಹಾಗಂತಾನೇ ಬರೀಬಹುದಿತ್ತಲ್ಲ?"

ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು. "ಹ್ಞಾ, ಈಗ ಸಿಕ್ಕಳು ನಿನಗೆ ಸರಿಯಾದ ಮೇಷ್ಟ್ರು."

ಸುರಗಿ ಓದುತ್ತಾ ಹೋದಳು. ನಾನು ಸಾಸಿವೆ ಡಬ್ಬಿಯ ಜಿಡ್ಡು ಒರೆಸುತ್ತಿದ್ದೆ. ನದಿ ಬಂತು, ಮೋಡ ಬಂತು, ಮತ್ತೆ ಕಿಟಕಿ ಬಂತು.

"ಅಮ್ಮಾ! ಹ್ಞೂಂ ಅನ್ಲೇ ಇಲ್ಲ ನೀನು!"

ನಿಜ. ನನ್ನ ಕತೆಗೆ ನನ್ನ ಹ್ಞೂಂ ಯಾವಾಗಲೋ ನಿಂತುಹೋಗಿತ್ತು. ಡಬ್ಬಿಯ ಜಿಡ್ಡಿನ ಮೇಲಿದ್ದ ಗಮನ ಮಂದಾಕಿನಿಯ ಮೇಲಿರಲಿಲ್ಲ. "ಹ್ಞೂಂ," ಎಂದೆ.

"ಅದು ಸುಳ್ಳು ಹ್ಞೂಂ."

"ಸಾಕು ಕೊಡು ಇತ್ಲಾಗೆ," ಎಂದ ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅತ್ತೆಯ ಕೈಯಲ್ಲಿ ಬತ್ತಿ ನಿಂತಿತು.

ಸುರಗಿ ಹಾಳೆ ಕೊಡಲಿಲ್ಲ. ಎದೆಗವಚಿಕೊಂಡು ನಿಂತಳು. ಅವಳ ಕಣ್ಣು ಒದ್ದೆ ಗೂಡಿನ ಮೇಲೆ, ಬೂದಿ ಮುಚ್ಚಿದ ಒಲೆಯ ಮೇಲೆ, ಅರಿಸಿನ ಅಂಟಿದ ನನ್ನ ಬೆರಳುಗಳ ಮೇಲೆ ಸುಳಿದು ಮತ್ತೆ ಹಾಳೆಗೆ ಬಂತು. ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು.

ನಾನು ನೆಲಕ್ಕೆ ಕುಳಿತು ಅವಳ ಮುಂಗುರುಳು ಸರಿಸಿದೆ. "ಬೈಯಲ್ಲ ಮರಿ. ಏನು ಕೇಳ್ಬೇಕೋ ಕೇಳು."

ಅವಳು ಪಿಸುದನಿಯಲ್ಲಿ ಶುರುಮಾಡಿ, ಕೊನೆಗೆ ಗಟ್ಟಿಯಾಗಿಯೇ ಕೇಳಿಬಿಟ್ಟಳು:

"ಇವಳು ಯಾವಾಗ್ಲೂ ಕಿಟಕಿ ಹತ್ರಾನೇ ನಿಂತಿರ್ತಾಳಲ್ಲಮ್ಮಾ... ಇವಳ ಮನೇಲಿ ಅಡುಗೆ ಯಾರು ಮಾಡ್ತಾರೆ?"